ಪಿಕಪ್ಪಣ್ಣನ ಟೈರ್ ಪುರಾಣ

ಪಿಕಪ್ಪಣ್ಣ ಈ ವರ್ಷ ಟೈರ್ ಹಾಕಿಸುತ್ತಾನಂತೆ ಎಂಬ ಸುದ್ದಿ ಪ್ರತಿ ವರ್ಷವೂ ಹಬ್ಬುತ್ತದೆ. ಹಬ್ಬಿಸುವವನು ಅವನೇ.

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆ ಊರಿಗೊಬ್ಬನಾದರೂ ಪಿಕಪ್ಪಣ್ಣ ಇದ್ದೇ ಇರುತ್ತಾನೆ. ಬೇರೆ ಜಿಲ್ಲೆಗಳಲ್ಲಿ ಇಲ್ಲವೆಂದಲ್ಲ. ಅಲ್ಲಿಯವನು ಟೊಮೆಟೊ ಬದಲು ಈರುಳ್ಳಿಯನ್ನೋ ಎಳನೀರನ್ನೋ ಹೇರಿಕೊಂಡಿರುತ್ತಾನೆ, ಅಷ್ಟೇ. ಇವನ ವಯಸ್ಸು ಐವತ್ತರ ಹತ್ತಿರ, ಗಾಡಿಯದು ಹದಿನೈದರ ಹತ್ತಿರ. ಮಹೀಂದ್ರಾ ಪಿಕಪ್ಪು, ಒಂದು ಕಾಲಕ್ಕೆ ಬಿಳಿ. ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು, ಹಿಂದಿನ ಹಲಗೆಯ ಮೇಲೆ ಮಗಳ ಹೆಸರು. ಮಗಳಿಗೆ ಮದುವೆಯಾಗಿ ಮೊಮ್ಮಗಳು ಬಂದರೂ ಪೇಂಟು ಬದಲಾಗಿಲ್ಲ, ಟೈರೂ ಬದಲಾಗಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಆಕೆಯ ಮಾತಿನಲ್ಲಿ ಉತ್ಪ್ರೇಕ್ಷೆ ಇದೆ. ಪೇಂಟು ಬದಲಾಗಿಲ್ಲ ಎಂಬುದು ಮಾತ್ರ ನಿಜ.

ಅವನ ಬೇಡಿಕೆ ಸರಳ. ಟೈರ್ ಬಾಳಿಕೆ ಬರಬೇಕು, ರೇಟು ಕಮ್ಮಿ ಇರಬೇಕು. ಮೂರನೆಯದೊಂದಿದೆ, ಅದನ್ನು ಅಂಗಡಿಯವನ ಕಿವಿಯ ಹತ್ತಿರ ಹೋಗಿ ಹೇಳುತ್ತಾನೆ: ದುಡ್ಡು ಬೆಳೆ ಬಂದ ಮೇಲೆ.

ಅಂಗಡಿಯಲ್ಲಿ ಕುರ್ಚಿ ಹಾಕಿದರೂ ಕೂರುವುದಿಲ್ಲ. ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತುತ್ತಾನೆ. ಎಷ್ಟು ಒಳಗೆ ಹೋಯಿತು ಎಂದು ನೋಡುತ್ತಾನೆ. ಆಮೇಲೆ ಮೂಸುತ್ತಾನೆ. ಆಮೇಲೆ ಹಲಸಿನ ಹಣ್ಣು ತಟ್ಟಿದ ಹಾಗೆ ಬೆರಳ ಗೆಣ್ಣಿನಲ್ಲಿ ತಟ್ಟಿ, ಕಿವಿ ಕೊಟ್ಟು ಕೇಳುತ್ತಾನೆ. ಕೌಂಟರಿನ ಹುಡುಗ ಇದನ್ನೆಲ್ಲ ಮೊಬೈಲಿನಿಂದ ತಲೆಯೆತ್ತದೆ ಸಹಿಸಿಕೊಳ್ಳುತ್ತಾನೆ.

‘ಎಷ್ಟು ಓಡ್ತದಪ್ಪಾ ಇದು?’

‘ಐವತ್ತು ಸಾವಿರ ಕಿಲೋಮೀಟರ್ ಗ್ಯಾರಂಟಿ, ಅಣ್ಣ.’

‘ಯಾರ ಗಾಡೀಲಿ?’

ಹುಡುಗ ತಲೆಯೆತ್ತುವುದು ಈಗಲೇ. ಏಕೆಂದರೆ ಟೈರಿನ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ, ಅದನ್ನು ಪಿಕಪ್ಪಣ್ಣ ಕೇಳಿಬಿಟ್ಟಿದ್ದಾನೆ. ಆದರೆ ಉತ್ತರಕ್ಕೆ ಕಾಯುವ ಅಭ್ಯಾಸ ಅವನಿಗಿಲ್ಲ. ಅಷ್ಟರಲ್ಲಿ ಕನ್ನಡಕ ತೆಗೆದು ಟೈರಿನ ಪಕ್ಕೆಯ ಮೇಲಿನ ಅಕ್ಷರ ಓದಲು ಬಗ್ಗಿಯಾಗಿರುತ್ತದೆ.

ಈ ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತದೆ, ಸುಳ್ಳು ಹೇಳಬಾರದು. ಟೈರಿನ ಪಕ್ಕೆಯಲ್ಲಿ ಡಿ.ಓ.ಟಿ. ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಗೋಡೌನಿನಲ್ಲಿ ನಾಲ್ಕೈದು ವರ್ಷ ಕೊಳೆತ ಟೈರನ್ನು ಹೊಸದೆಂದು ತಲೆಗೆ ಕಟ್ಟುವ ಅಂಗಡಿಯವರು ಈ ಅಂಕಿಗೆ ಹೆದರುತ್ತಾರೆ. ಓಡದೆ ಬಿದ್ದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಬಿಗಿಯುತ್ತದೆ, ಸಣ್ಣಗೆ ಬಿರುಕು ಬಿಡುತ್ತದೆ. ಕಾರಿನವರು ಎಷ್ಟು ಜನ ಇದನ್ನು ನೋಡಿ ಕೊಳ್ಳುತ್ತಾರೋ ಕಾಣೆ, ಪಿಕಪ್ಪಣ್ಣ ತಪ್ಪದೆ ನೋಡುತ್ತಾನೆ. ನೋಡಿ ಸುಮ್ಮನಾದರೆ ಒಳ್ಳೆಯದಿತ್ತು.

‘2825. ಅಂದ್ರೆ 2025ರ 28ನೇ ವಾರ. ಜುಲೈ ಎರಡನೇ ವಾರ ಆಯ್ತಲ್ಲ... ಲೇ, ಆಷಾಢದ ಟೈರು ತೋರಿಸ್ತೀಯಲ್ಲೋ! ಶ್ರಾವಣದ್ದಿದ್ರೆ ತೆಗಿ.’

ಟ್ಯಾಕ್ಸಿನ ಕಥೆ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿ.ಎಸ್.ಟಿ. 28ರಿಂದ 18 ಪರ್ಸೆಂಟಿಗೆ ಇಳಿಯಿತು. ಊರಿನ ಉಳಿದ ಗಾಡಿಯವರು ಆ ವಾರವೇ ಹೋಗಿ ಹಾಕಿಸಿಕೊಂಡು ಬಂದರು. ಪಿಕಪ್ಪಣ್ಣ ಹೋಗಲಿಲ್ಲ. ಇಪ್ಪತ್ತೆಂಟಿದ್ದದ್ದು ಹದಿನೆಂಟಾಯ್ತು, ಹದಿನೆಂಟು ಎಂಟಾಗೋಕೆ ಎಷ್ಟೊತ್ತು ಎಂದು ಟೀ ಅಂಗಡಿಯಲ್ಲಿ ಕೂತ. ಇನ್ನೂ ಕೂತಿದ್ದಾನೆ.

ಟೀ ಅಂಗಡಿ ಎಂದರೆ ಅವನ ವಿಶ್ವವಿದ್ಯಾಲಯ. ಅಲ್ಲಿ ಯಾವ ಕಂಪನಿಯ ಟೈರ್ ಮೇಲು ಎಂಬ ಚರ್ಚೆ ತೀರ್ಮಾನವಾಗಿ ಮುಗಿದದ್ದನ್ನು ಯಾರೂ ಕಂಡಿಲ್ಲ. ಒಬ್ಬ ಎಂ.ಆರ್.ಎಫ್. ಕಡೆ, ಸಚಿನ್ ಬ್ಯಾಟ್ ಮೇಲಿದ್ದ ಹೆಸರು ಕಣಯ್ಯಾ, ಆ ಬ್ಯಾಟು ಸವೆದದ್ದು ನೋಡಿದ್ದೀಯಾ ಎನ್ನುತ್ತಾನೆ. ಇನ್ನೊಬ್ಬ ಅಪೋಲೊ, ಮತ್ತೊಬ್ಬ ಸಿಯೆಟ್. ವಯಸ್ಸಾದವರೊಬ್ಬರು ಎಲ್ಲ ಕೇಳಿಸಿಕೊಂಡು, ಏನೇ ಹೇಳ್ರಪ್ಪ, ಮೈಸೂರಿನ ವಿಕ್ರಾಂತ್ ಇತ್ತು ನೋಡಿ, ಅದು ಟೈರು ಅನ್ನುತ್ತಾರೆ. ರಾಜ್ಯ ಸರ್ಕಾರದ ಕೈಯಲ್ಲಿದ್ದ ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಕಂಪನಿಯ ಪಾಲಾದದ್ದು ಅವರಿಗೆ ಗೊತ್ತು. ಹೋದದ್ದರ ಗುಣವನ್ನೇ ಹೊಗಳಬೇಕೆಂಬುದೂ ಗೊತ್ತು. ಪಿಕಪ್ಪಣ್ಣ ಎಲ್ಲರ ಮಾತಿಗೂ ತಲೆಯಾಡಿಸುತ್ತಾನೆ. ಯಾರ ಮನಸ್ಸನ್ನೂ ನೋಯಿಸದ ಸ್ವಭಾವ. ಹಾಗಾಗಿಯೇ ಅವನ ಗಾಡಿಯ ನಾಲ್ಕು ಚಕ್ರಕ್ಕೆ ನಾಲ್ಕು ಕಂಪನಿಯ ಟೈರುಗಳಿವೆ, ಮುಂದಿನ ಎರಡರಲ್ಲಿ ಒಂದು ರೇಡಿಯಲ್, ಒಂದು ನೈಲಾನ್. ಈ ಸಮ್ಮಿಶ್ರ ಸರ್ಕಾರ ಬ್ರೇಕ್ ಹಾಕಿದಾಗಲೆಲ್ಲ ಎಡಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಣ್ಣ ಎಂದರೆ, ಸ್ಟೀರಿಂಗ್ ಬಲಕ್ಕೆ ಹಿಡಿದ್ರೆ ಸರಿಹೋಗ್ತದೆ, ಅದಕ್ಯಾಕೆ ದುಡ್ಡು ಎನ್ನುತ್ತಾನೆ.

‘ನಂದು ಎಂಬತ್ತು ಸಾವಿರ ಓಡಿತ್ತು’, ‘ನಂದು ಲಕ್ಷ ದಾಟಿತ್ತು’ ಎಂಬ ಮಾತುಗಳೂ ಅಲ್ಲಿ ಧಾರಾಳ. ಹೇಳುವವರ ಗಾಡಿಗಳಲ್ಲಿ ಕಿಲೋಮೀಟರ್ ತೋರಿಸುವ ಮೀಟರು ನಿಂತು ಯಾವ ಕಾಲವಾಯಿತೋ.

ಒಮ್ಮೆ ಬ್ಯಾಂಕಿನಲ್ಲಿದ್ದು ನಿವೃತ್ತರಾದ ಒಬ್ಬರು ಬಿಲ್ಲಿನ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಎಂಟು ಸಾವಿರದ ಟೈರು ಐವತ್ತು ಸಾವಿರ ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 16 ಪೈಸೆ. ಐದೂವರೆ ಸಾವಿರದ್ದು ಇಪ್ಪತ್ತೈದು ಸಾವಿರಕ್ಕೇ ಬೋಳಾದರೆ 22 ಪೈಸೆ. ಯಾವುದು ಅಗ್ಗ, ನೀವೇ ಹೇಳಿ ಎಂದರು. ಪಿಕಪ್ಪಣ್ಣ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ‘ಲೆಕ್ಕವೇನೋ ಸರಿಯಾಗಿದೆ ಸ್ವಾಮಿ. ಆದ್ರೆ ಪೈಸೆ ಎಲ್ಲಿ ನಡೀತದೆ ಈಗ?’ ಅಂದ.

ಅವನ ತೊಂದರೆ ನಿಜವಾಗಿ ಇರುವುದು ಟೈರಿನಲ್ಲಲ್ಲ, ಟೈರಿನ ಮೇಲೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಎಂದರೆ 15 ಕೆ.ಜಿ. ಗಾಡಿ ಹೊರಬೇಕಾದದ್ದು ಹೆಚ್ಚುಕಡಿಮೆ 1,300 ಕೆ.ಜಿ. ಅಂದರೆ ಎಂಬತ್ತಾರು ಬಾಕ್ಸಿಗೆ ನಿಲ್ಲಿಸಬೇಕು. ಬಾಡಿಗೆ ಸಿಗುವುದು ಬಾಕ್ಸಿನ ಲೆಕ್ಕದಲ್ಲಿ, ಹಾಗಾಗಿ ಪಿಕಪ್ಪಣ್ಣ ನೂರೈವತ್ತಕ್ಕೆ ಹಗ್ಗ ಬಿಗಿಯುತ್ತಾನೆ. ಎರಡೂಕಾಲು ಟನ್. ಹಿಂದಿನ ಪಾಟಾಗಳು ಮೇಲಕ್ಕೆ ಬಾಗುವ ಬದಲು ಕೆಳಕ್ಕೆ ಬಾಗುತ್ತವೆ, ಹಿಂದಿನ ಟೈರುಗಳು ನೆಲಕ್ಕೆ ಹೊಟ್ಟೆ ಕೊಡುತ್ತವೆ, ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ತೋರಿಸುತ್ತದೆ. ನಂಗಲಿ ದಾಟುವ ಹೊತ್ತಿಗೆ ಟೈರು ಮುಟ್ಟಿದರೆ ಕೈ ಸುಡುತ್ತದೆ. ಮುಟ್ಟಿ ನೋಡಿ ಅವನು ಹೇಳುವುದು, ‘ಈಗಿನ ರಬ್ಬರು ಸರಿ ಇಲ್ಲ.’

2023ರ ಜುಲೈನಲ್ಲಿ ಕೋಲಾರದಲ್ಲಿ ಅದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಲೋಡಿನ ಬೆಲೆ ಗಾಡಿಯ ಬೆಲೆಯ ಹತ್ತಿರ ಬಂದಿತ್ತು. ದಾರಿಯಲ್ಲಿ ಟೈರ್ ಸಿಡಿದರೆ ಗತಿಯೇನು ಎಂದು ಮಂಡಿಯ ಸಾಹುಕಾರನೇ ಮುಂಗಡ ಕೊಟ್ಟು ನಾಲ್ಕೂ ಹೊಸ ಟೈರು ಹಾಕಿಸು ಅಂದಿದ್ದ. ಪಿಕಪ್ಪಣ್ಣ ಎರಡು ಹಾಕಿಸಿದ. ಉಳಿದ ದುಡ್ಡಿನಲ್ಲಿ ಮ್ಯೂಸಿಕ್ ಹಾರ್ನ್ ಬಂತು.

ಗಾಳಿಯ ವಿಚಾರದಲ್ಲಿ ಅವನ ಅಳತೆಗೋಲು ಎಡಗಾಲ ಚಪ್ಪಲಿ. ಗಾಡಿ ಸುತ್ತ ಒಂದು ಪ್ರದಕ್ಷಿಣೆ, ಟೈರಿಗೊಂದು ಒದೆ. ಸದ್ದು ಕೇಳಿ ‘ಇದೆ’ ಅಥವಾ ‘ಇಲ್ಲ’ ಎನ್ನುತ್ತಾನೆ. ಎಷ್ಟಿದೆ ಎಂಬುದು ಆ ವಿಧಾನದಲ್ಲಿ ಬರುವುದಿಲ್ಲ. ಯಾವ ಚಕ್ರಕ್ಕೆ ಎಷ್ಟು ಗಾಳಿ ಎಂದು ಬಾಗಿಲ ಪಕ್ಕ ಕಂಪನಿಯವರು ಅಂಟಿಸಿದ್ದ ಚೀಟಿಯ ಮೇಲೆ ಈಗ ಆಂಜನೇಯನ ಸ್ಟಿಕ್ಕರಿದೆ. ಕಮ್ಮಿ ಗಾಳಿಯಲ್ಲಿ ಓಡಿದ ಟೈರು ಎರಡೂ ಅಂಚು ಸವೆಯುತ್ತದೆ, ಜಾಸ್ತಿ ಆದರೆ ನಡುವೆ ಸವೆಯುತ್ತದೆ, ಅಲೈನ್‌ಮೆಂಟ್ ಕೆಟ್ಟರೆ ಒಂದೇ ಬದಿ. ಹೆದ್ದಾರಿ ಬದಿ ಪಂಕ್ಚರ್ ಹಾಕುವ ಕೇರಳದ ಕಾಕಾ ಇದನ್ನು ಸವೆದ ಟೈರಿನ ಮೇಲೆ ಬೆರಳಾಡಿಸಿಯೇ ಹೇಳುತ್ತಾನೆ. ಪಿಕಪ್ಪಣ್ಣನ ಟೈರು ಹಿಡಿದಾಗ ಮಾತ್ರ ಅವನಿಗೆ ಗೊಂದಲ. ಅಂಚು, ನಡು, ಒಂದು ಬದಿ ಎಲ್ಲವೂ ಒಂದೇ ಟೈರಿನಲ್ಲಿ ಸವೆದಿರುತ್ತವೆ.

ನೈಟ್ರೋಜನ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಅವನ ಕಡೆ. ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸಿಕೊಳ್ಳಿ ಎಂದು ಅಂಗಡಿಯ ಹುಡುಗ ಗಂಟುಬಿದ್ದಾಗ ಪಿಕಪ್ಪಣ್ಣ ಕೇಳಿದ್ದು: ‘ಮಾಮೂಲಿ ಗಾಳೀಲಿ ನೈಟ್ರೋಜನ್ ಎಷ್ಟದೆ?’ ಹುಡುಗ ಮೊಬೈಲ್ ನೋಡಿ 78 ಪರ್ಸೆಂಟ್ ಅಂದ. ‘ಅಷ್ಟು ಸಾಕು. ಬಂಕಿನಲ್ಲಿ ಬಿಟ್ಟಿ ಸಿಗ್ತದೆ.’

ಎಫ್.ಸಿ. ಹತ್ತಿರ ಬಂದಾಗ ಪಿಕಪ್ಪಣ್ಣನ ಪ್ರತಿಭೆ ಪೂರ್ತಿ ಅರಳುತ್ತದೆ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿತೆಂದರೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಲೇಬೇಕು. ಟೈರಿನ ಗ್ರಿಪ್ಪು 1.6 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಕಾಯ್ದೆ ಒಪ್ಪುವುದಿಲ್ಲ. ಗೆರೆಗಳ ಸಂದಿಯಲ್ಲಿ ಸಣ್ಣ ದಿಂಡುಗಳಿರುತ್ತವೆ, ರಬ್ಬರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತೆಂದೇ ಅರ್ಥ. ಪಿಕಪ್ಪಣ್ಣನ ಟೈರಿನಲ್ಲಿ ದಿಂಡೂ ಇಲ್ಲ, ಗೆರೆಯೂ ಇಲ್ಲ, ಕೆಲವು ಕಡೆ ಒಳಗಿನ ದಾರ ಇಣುಕುತ್ತದೆ. ಆದರೂ ಅವನು ನಿಶ್ಚಿಂತ. ಊರಿನಲ್ಲಿ ಹೊಸ ಗಾಡಿ ತಂದವನೊಬ್ಬ ಇದ್ದಾನಲ್ಲ! ಹಿಂದಿನ ರಾತ್ರಿ ಜ್ಯಾಕ್ ಎತ್ತಿ ನಾಲ್ಕು ಚಕ್ರ ಅದಲುಬದಲು. ಮರುದಿನ ಸಂಜೆ ವಾಪಸ್ಸು. ಆ ನಾಲ್ಕು ಟೈರು ಆರ್.ಟಿ.ಓ. ಆಫೀಸಿಗೆ ಹೋಗಿಬಂದಷ್ಟು ಸಲ ನಮ್ಮ ಕಡೆಯ ಯಾವ ಡ್ರೈವರೂ ಹೋಗಿಬಂದಿಲ್ಲ.

ಸ್ಟೆಪ್ನಿಯ ಬಗ್ಗೆ ಹೆಚ್ಚು ಹೇಳಲಾರೆ. ಗಾಡಿಯ ಹೊಟ್ಟೆಯ ಕೆಳಗೆ ಚೈನಿನಲ್ಲಿ ನೇತಾಡುತ್ತಿದೆ ಎಂದು ಅವನು ಹೇಳುತ್ತಾನೆ. ನೋಡಿದವರಿಲ್ಲ.

ಕೊನೆಗೂ ಟೈರ್ ಕೊಳ್ಳುವ ದಿನ ಬರುತ್ತದೆ, ಅದು ಯಾವಾಗಲೂ ಹಳೆಯದು ಸಿಡಿದ ಮರುದಿನ. ಆಗ ಆಷಾಢ, ಶ್ರಾವಣ ಏನೂ ಇಲ್ಲ. ಹತ್ತಿರದ ಅಂಗಡಿ, ಇದ್ದ ಟೈರು, ಹೇಳಿದ ರೇಟು. ಹೊಸವು ಎರಡು, ರೀಟ್ರೆಡ್ ಎರಡು. ಹೊಸದನ್ನು ಮುಂದಕ್ಕೆ ಹಾಕಿ, ರೀಟ್ರೆಡ್ಡನ್ನು ಹಿಂದಕ್ಕೆ ಹಾಕುತ್ತಾನೆ. ಮುಂದಿನ ಟೈರು ಸಿಡಿದರೆ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ ಎಂಬ ಬುದ್ಧಿ ಅವನಿಗಿದೆ. ಅಷ್ಟರಮಟ್ಟಿಗೆ ಅವನು ನಮಗಿಂತ ಜಾಣ. ಚಕ್ರಕ್ಕೊಂದು ನಿಂಬೆಹಣ್ಣಿಟ್ಟು, ಹತ್ತಿಸಿ, ಸೀದಾ ಮಂಡಿಗೆ ಹೋಗಿ ನೂರೈವತ್ತಕ್ಕೆ ಇನ್ನಿಪ್ಪತ್ತು ಬಾಕ್ಸ್ ಸೇರಿಸುತ್ತಾನೆ, ಹೊಸ ಟೈರಲ್ಲವೇ.

ನಿಮ್ಮ ಮನೆಯಲ್ಲೂ ಹಳೇ ಪಿಕಪ್ ಇದ್ದರೆ, ಟೈರ್ ಕೊಳ್ಳುವ ಮೊದಲು ಪಿಕಪ್ಪಣ್ಣನನ್ನು ಅಗತ್ಯವಾಗಿ ಕರೆದುಕೊಂಡು ಹೋಗಿ. ತಾರೀಖು ಓದಿ ಹೇಳುತ್ತಾನೆ, ರೇಟನ್ನೂ ಇಳಿಸುತ್ತಾನೆ. ಬರುವಾಗ ಗಾಡಿಗೆ ಲೋಡು ಹಾಕಲು ಮಾತ್ರ ಬಿಡಬೇಡಿ. ಮುಂದಿನ ತಿಂಗಳು ಅವನದೊಂದು ಎಫ್.ಸಿ. ಇದೆ, ಟೈರ್ ಕೇಳಿಕೊಂಡು ಬಂದೇ ಬರುತ್ತಾನೆ. ಕೊಡಿ, ಆದರೆ ನಂಬರು ಬರೆದಿಟ್ಟುಕೊಂಡು ಕೊಡಿ.