ಏನಿಲ್ಲ ಬಿಡಿ

ಕಾಫಿ ಲೋಟ ಕೈಗಿಡುತ್ತಾ ಮನೆಯಾಕೆ, “ರೀ, ಇವತ್ತಿಂದ ಸಕ್ಕರೆ ಕಡಿಮೆ” ಅಂದಳು. ನನಗೆ ಕೇಳಿಸಿದ್ದು “ಅಕ್ಕರೆ ಕಡಿಮೆ”. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಅದನ್ನು ಬಾಯಿಬಿಟ್ಟು ಸಾರಬೇಕಿತ್ತೇ ಎಂದುಕೊಳ್ಳುತ್ತಾ ಒಂದು ಗುಟುಕು ಕುಡಿದೆ. ಕಾಫಿ ಸಪ್ಪೆಯಾಗಿದ್ದು, ನನ್ನ ಅನುಮಾನಕ್ಕೆ ಪುರಾವೆಯೂ ಸಿಕ್ಕಿತು.

ಅವಳನ್ನು ದೂರಿ ಫಲವಿಲ್ಲ, ತಕರಾರೆಲ್ಲ ಸಕಾರದ್ದು. ವಯಸ್ಸಾಗುತ್ತಾ ಕಿವಿ ಮೊದಲು ಕಳೆದುಕೊಳ್ಳುವುದು ಏರುಶ್ರುತಿಯ ಸದ್ದುಗಳನ್ನು. ಸ, ಶ, ಫ ಇರುವುದು ಆ ಮೇಲಿನ ಅಟ್ಟದಲ್ಲೇ. ಸ್ವರಗಳು ಪಾಪ, ಕೆಳಗೆ ಉಳಿದುಕೊಳ್ಳುತ್ತವೆ. ಹೀಗಾಗಿ ಮಾತು ಕೇಳಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಮಕ್ಕಳು ಇದಕ್ಕೆ ಜಾಣಕಿವುಡು ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದಾರೆ. ಒಂದೊಂದು ಒಳಗಿವಿಯಲ್ಲೂ ಸುಮಾರು 15,000 ರೋಮಕೋಶಗಳಿರುತ್ತವಂತೆ. ಒಮ್ಮೆ ಹೋದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನನ್ನ ನೆತ್ತಿಯ ಮೇಲೆ ಆದದ್ದೇ ಒಳಗೂ ಆಗಿದೆ, ಕನ್ನಡಿಗೆ ಕಾಣಿಸುವುದಿಲ್ಲ ಅಷ್ಟೆ.

ಇನ್ನು ಕಿವಿಯೊಳಗಿನ ಮೊರೆತ. ಹೊರಗಿನ ಸದ್ದು ಕಡಿಮೆಯಾಯಿತೆಂದು ಮಿದುಳು ತಾನೇ ಒಂದನ್ನು ಹುಟ್ಟಿಸಿಕೊಳ್ಳುತ್ತದೆ ಎನ್ನುತ್ತಾರೆ. ಹಗಲಲ್ಲಿ ಮಿಕ್ಸಿ, ಆಟೊಗಳ ಗದ್ದಲ ಅದನ್ನು ಮುಚ್ಚಿಹಾಕುತ್ತದೆ. ದೀಪ ಆರಿಸಿದೆವೋ, ಎಡಗಿವಿಯಲ್ಲಿ ‘ಕುಂಯ್’ ಎಂದು ಕಛೇರಿ ಶುರು. ಗುಣಪಡಿಸುವ ಗುಳಿಗೆಯಿಲ್ಲ. ಹಾಗಾಗಿ ಜನವರಿಯ ಚಳಿಯಲ್ಲೂ ಫ್ಯಾನ್ ಹಾಕಿ, ಕಂಬಳಿ ಹೊದ್ದು ಮಲಗುತ್ತೇನೆ. ಹಗಲೂ ರಾತ್ರಿ ಕಿವಿ ಮೊರೆಯುತ್ತದೆಂದು ಬೀಥೋವನ್ 1801ರಲ್ಲಿ ಗೆಳೆಯನಿಗೆ ಕಾಗದ ಬರೆದಿದ್ದ. 1824ರಲ್ಲಿ ಒಂಬತ್ತನೇ ಸಿಂಫನಿಯನ್ನು ಲೋಕಕ್ಕೆ ಕೊಟ್ಟ. ನಾನು ಕೊಟ್ಟಿರುವುದು ಹೆಚ್ಚುವರಿ ಕರೆಂಟ್ ಬಿಲ್ಲು.

ಕಿವಿ ಪರೀಕ್ಷೆಗೆ ಹೋದಾಗ ಸದ್ದಡಗಿದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, “ಸದ್ದು ಕೇಳಿಸಿದಾಗೆಲ್ಲ ಬೆರಳೆತ್ತಿ ಸಾರ್” ಅಂದಳು ಹುಡುಗಿ. ಯಂತ್ರದ ಸದ್ದು ಯಾವುದು, ನನ್ನ ಸ್ವಂತದ್ದು ಯಾವುದು? ಅನ್ಯಾಯವಾಗದಿರಲೆಂದು ಎರಡಕ್ಕೂ ಎತ್ತಿದೆ. ಗಾಜಿನಾಚೆ ಆಕೆಯ ಹುಬ್ಬು ಮೇಲೇರಿತು.

ಈಗ ಕಿವಿಯ ಹಿಂದೊಂದು ಯಂತ್ರವಿದೆ. ಉಪಕಾರಿಯೇ, ಆದರೆ ಸದ್ದುಗದ್ದಲದ ನಡುವೆ ಅದರ ವಿವೇಕ ಸಾಲದು. ಮದುವೆ ಪಂಕ್ತಿಯಲ್ಲಿ ಹಪ್ಪಳ ಮುರಿದದ್ದು, ಸಾರಿನ ಬಕೆಟ್ಟಿಗೆ ಸೌಟು ತಾಗಿದ್ದು ಸ್ಪಷ್ಟ. ಪಕ್ಕದ ಎಲೆಯವರು ಹೇಳಿದ ತಮಾಷೆ ಮಾತ್ರ ನಾಪತ್ತೆ. ಸಾಲಿಗೆ ಸಾಲೇ ನಗುತ್ತದೆ. “ಏನಂದ್ರಿ?” ಎಂದರೆ, “ಏನಿಲ್ಲ ಬಿಡಿ” ಎಂದು ಪಾಯಸಕ್ಕೆ ಕೈಹಾಕುತ್ತಾರೆ. ಆ ಮಾತಿನಲ್ಲಿ ಸ, ಶ ಒಂದೂ ಇಲ್ಲ. ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ.

ಮೊರೆತದ ಜೊತೆ ಹೇಗೋ ಸಂಸಾರ ಮಾಡಬಹುದು, ‘ಏನಿಲ್ಲ ಬಿಡಿ’ ಎಂಬ ಈ ಏಳು ಮಾತ್ರೆಯ ದಯೆಯ ಜೊತೆ ಕಷ್ಟ. ಕಿರುಚಬೇಡಿ, ಕಿರುಚಿದರೆ ಮಾತು ಇನ್ನೂ ಕಲಸಿಹೋಗುತ್ತದೆ. ಎದುರಿಗೆ ಬಂದು, ತುಟಿ ಕಾಣುವ ಹಾಗೆ, ಬೇಕಾದರೆ ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಿ. ತಮಾಷೆ ಹಳಸಿದ್ದರೂ ಪರವಾಗಿಲ್ಲ, ನಗುವ ಜವಾಬ್ದಾರಿ ನನ್ನದು.