ಕುದುರೆ ನೂರೈವತ್ತು, ಎರ್ತು ಸೊನ್ನೆ

ನನ್ನ ಕಾರಿಗೆ 150 ಕುದುರೆಗಳ ಬಲವಿದೆ. ನಮ್ಮೂರು ಡೆಂಕಣಿಕೋಟೆಯ ಬಸ್ ಸ್ಟ್ಯಾಂಡಿನಿಂದ ಬೇಟರಾಯಸ್ವಾಮಿ ಗುಡಿಯವರೆಗೆ ಅಷ್ಟೊಂದು ಕುದುರೆ ಓಡಿಸಲು ಜಾಗವಿಲ್ಲವಾದ್ದರಿಂದ ಸದ್ಯಕ್ಕೆ ಮೇಯಲು ಬಿಟ್ಟಿದ್ದೇನೆ. ಒಂದೂವರೆ ಲೀಟರಿನ ಟರ್ಬೊ ಎಂಜಿನ್, ಏಳು ಗೇರು, ಎರಡು ಕ್ಲಚ್ಚು. ಕ್ಲಚ್ಚು ಎರಡಿದ್ದರೂ ತುಳಿಯಲು ಒಂದೂ ಇಲ್ಲ. ದಾರಿ ಸಲೀಸಾಗಿದ್ದರೆ ನಾಲ್ಕು ಸಿಲಿಂಡರುಗಳಲ್ಲಿ ಎರಡು ತಾವಾಗಿಯೇ ಕೆಲಸ ನಿಲ್ಲಿಸಿ ಪೆಟ್ರೋಲು ಉಳಿಸುತ್ತವೆ. ಈ ವಿಶೇಷವನ್ನು ಮನೆಯಲ್ಲಿ ವಿವರಿಸಿದಾಗ ಹೆಂಡತಿ, “ಈ ಸೌಲಭ್ಯ ತಾಲ್ಲೂಕು ಆಫೀಸಿನಲ್ಲಿ ಮೊದಲಿಂದಲೂ ಇದೆಯಲ್ಲ” ಎಂದಳು.

ಕಾರು ಕೊಂಡವನಿಗೆ ನಮ್ಮ ಕಡೆ ಬೀಳುವ ಮೊದಲ ಪ್ರಶ್ನೆ, “ಎಷ್ಟು ಕೊಡುತ್ತೆ?” ನನ್ನ ಕಾರು ಕೊಡುವುದಿಲ್ಲ, ಕೇಳುತ್ತದೆ. ಹೊಸೂರು ದಾಟಿ, ಅತ್ತಿಬೆಲೆ, ಚಂದಾಪುರ ಎಂದು ನಿಂತು ನಿಂತು ಸಿಲ್ಕ್ ಬೋರ್ಡ್ ಮುಟ್ಟುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಲೆಕ್ಕ ಲೀಟರಿಗೆ 9ಕ್ಕೆ ಇಳಿದಿರುತ್ತದೆ. ಟೀ ಅಂಗಡಿಯಲ್ಲಿ ನಾನದನ್ನು 14 ಎನ್ನುತ್ತೇನೆ, ಮಾವನವರ ಮುಂದೆ 17, ಅಮ್ಮನ ಮುಂದೆ ಬರೀ “ಚೆನ್ನಾಗಿ ಕೊಡುತ್ತೆ”. ಕೇಳುವವರ ವಯಸ್ಸು ಹೆಚ್ಚಿದಷ್ಟೂ ಮೈಲೇಜು ಹೆಚ್ಚಬೇಕೆಂಬುದು ನಾನು ಪಾಲಿಸಿಕೊಂಡು ಬಂದ ಮರ್ಯಾದೆ.

ಬೆಂಗಳೂರಿನಲ್ಲಿ ವೇಗದ ಕಾರು ಯಾಕೆ ಬೇಕು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ. ಟಾಮ್‌ಟಾಮ್ ಎಂಬ ಡಚ್ ಕಂಪನಿ 2022ರಲ್ಲಿ ಜಗತ್ತಿನ ನಗರಗಳ ಟ್ರಾಫಿಕ್ಕನ್ನು ಅಳೆದಾಗ, ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕೆಂದು ಗೊತ್ತಾಯಿತು. ನಿಧಾನದಲ್ಲಿ ನಮ್ಮನ್ನು ಮೀರಿಸಿದ್ದು ಲಂಡನ್ ಒಂದೇ. ಅಂದರೆ ನಮ್ಮದು ಗಂಟೆಗೆ 20 ಕಿಲೋಮೀಟರ್, ಮೇಲೆ ಚಿಲ್ಲರೆ. 1980ರಲ್ಲಿ ಹೊಸೂರಿನ ಫ್ಯಾಕ್ಟರಿಯಿಂದ ಹೊರಬಿದ್ದ ಟಿವಿಎಸ್ 50 ಮೊಪೆಡ್ಡು, ಹಿಂದೆ ರಾಗಿ ಮೂಟೆ ಕಟ್ಟಿಕೊಂಡೂ ಇದಕ್ಕಿಂತ ಜೋರಾಗಿ ಓಡುತ್ತಿತ್ತು. ಆದರೆ ಬಲ ಇರುವುದು ಬಳಸಲಿಕ್ಕೆಂದು ಯಾರು ಹೇಳಿದರು? ಮನೆಯಲ್ಲಿರುವ ಬೆಳ್ಳಿ ತಟ್ಟೆಯಲ್ಲಿ ದಿನಾ ಮುದ್ದೆ ಉಣ್ಣುತ್ತೇವೆಯೇ?

ಈ ವಾದ ಬಾಮೈದನ ಮುಂದೆ ಮಾತ್ರ ನಡೆಯುವುದಿಲ್ಲ. ಅವನದು ಹಸಿರು ನಂಬರ್ ಪ್ಲೇಟಿನ ಕಾರು. ವಿದ್ಯುತ್ ಕಾರು ಕೊಂಡವರಲ್ಲಿ ಒಂದು ತೊಂದರೆ ಇದೆ, ಅವರು ಕಾರಿನ ಜೊತೆಗೆ ದೀಕ್ಷೆಯನ್ನೂ ತೆಗೆದುಕೊಂಡಿರುತ್ತಾರೆ. ಹೊಗೆ ಇಲ್ಲ, ಸದ್ದಿಲ್ಲ, ಗೇರಿಲ್ಲ, ಆಯಿಲ್ ಇಲ್ಲ ಎಂದು ಏನೇನು ಇಲ್ಲವೋ ಅದನ್ನೆಲ್ಲ ಹೇಳಿ ಹೊಗಳುವ ವಾಹನ ಇದೊಂದೇ ಇರಬೇಕು. “ಭಾವ, ಕಿಲೋಮೀಟರಿಗೆ ಒಂದು ರೂಪಾಯಿ” ಎನ್ನುತ್ತಾನೆ. ಕಾರಿಗೆ ಕೊಟ್ಟ ಲಕ್ಷಗಳನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನೂ ಸೇರಿಸುವುದಿಲ್ಲವೆನ್ನಿ.

ಕಳೆದ ಬೇಸಿಗೆಯ ಶುರುವಿನಲ್ಲಿ ಜಯನಗರದಲ್ಲೊಂದು ಮದುವೆಯಿತ್ತು. ಅದರ ಹಿಂದಿನ ದಿನ ಅವನು ಹೆಂಡತಿ ಮಕ್ಕಳೊಂದಿಗೆ ನಮ್ಮೂರಿನ ಮೇಲೆ ಹೊಗೇನಕಲ್ಲಿಗೆ ಹೋದ. ಅಂಚೆಟ್ಟಿ ಘಾಟಿ ಇಳಿಯುವಾಗ ನನಗೆ ಫೋನು: “ಭಾವ, ಇಳಿಜಾರಲ್ಲಿ ಕಾಲು ತೆಗೆದರೆ ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬ್ತಿದೆ. ನಾಲ್ಕು ಪರ್ಸೆಂಟ್ ವಾಪಸ್ ಬಂತು! ನಿಮ್ಮ ಕಾರಲ್ಲಿ ಇಳಿಜಾರಿಗೆ ಪೆಟ್ರೋಲ್ ವಾಪಸ್ ಬರುತ್ತಾ?” ಬರುವುದಿಲ್ಲ ಎಂದು ಒಪ್ಪಿಕೊಂಡೆ. ಇಳಿದ ಘಾಟಿಯನ್ನು ಹತ್ತಲೂಬೇಕು ಎಂಬುದನ್ನು ನಾನು ಹೇಳಲಿಲ್ಲ. ಸಂಬಂಧಿಕರಲ್ಲಿ ಕೆಲವನ್ನು ಭೂಗೋಳವೇ ಹೇಳಲಿ ಎಂದು ಬಿಡಬೇಕು. ಸಂಜೆ ಏಳಕ್ಕೆ ಬಂದರು. ಎಸಿ ಆರಿಸಿ, ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಮಕ್ಕಳ ಕೈಯಲ್ಲಿದ್ದ ಮೊಬೈಲಿನ ಚಾರ್ಜರನ್ನೂ ಕಿತ್ತು, ಐದು ಜನ ಬೆವರಿನಲ್ಲಿ ನೆನೆದು ಇಳಿದರು. ಬ್ಯಾಟರಿ 9 ಪರ್ಸೆಂಟ್.

“ಒಂದು 15 ಆಂಪ್ಸ್ ಪ್ಲಗ್ ಕೊಡಿ ಭಾವ, ಬೆಳಗಾಗೋದ್ರಲ್ಲಿ ಫುಲ್.”

ನಮ್ಮ ಮನೆಯಲ್ಲಿ ಅಂಥ ಪ್ಲಗ್ಗು ಇರುವುದು ಅಡುಗೆಮನೆಯಲ್ಲಿ, 2011ರಲ್ಲಿ ಜಯಲಲಿತಾ ಸರ್ಕಾರ ಪುಕ್ಕಟೆ ಹಂಚಿದ ಗ್ರೈಂಡರಿನ ಪಕ್ಕ. ಕಿಟಕಿಯಿಂದ ವೈರು ಎಳೆದು, ಚಾರ್ಜರಿನ ಡಬ್ಬಿಯನ್ನು ಅಕ್ಕಿ ಡಬ್ಬದ ಮೇಲಿಟ್ಟು ಸ್ವಿಚ್ ಹಾಕಿದ. ಡಬ್ಬಿಯಲ್ಲಿ ಕೆಂಪು ದೀಪ ಮಿಣುಕಿತು. ತೆಗೆದು ಹಾಕಿದ. ಕೆಂಪು. ಅವನ ಮುಖ ಬಿಳಿಚಿತು.

“ಭಾವ, ನಿಮ್ಮನೇಲಿ ಎರ್ತೇ ಇಲ್ಲ!”

ಗರ್ಭಗುಡಿಯಲ್ಲಿ ದೇವರೇ ಇಲ್ಲ ಎಂದವನ ದನಿ ಅದು. ಅಮ್ಮನಿಗೆ ಸಿಟ್ಟು ಬಂತು. “ಅದೇನೋ ಇಲ್ಲದೇನೇ ಇಷ್ಟು ವರ್ಷ ಹಿಟ್ಟು ರುಬ್ಬಿದೀನಪ್ಪ. ಇಡ್ಲಿ ಮೆತ್ತಗೇ ಆಗಿದೆ.” ಎರ್ತು ಸರಿಯಿಲ್ಲದಿದ್ದರೆ ಗ್ರೈಂಡರು ಸುಮ್ಮನೆ ತಿರುಗುತ್ತದೆ, ಹೆಚ್ಚೆಂದರೆ ಮುಟ್ಟಿದವರಿಗೆ ಜುಂ ಎನ್ನುತ್ತದೆ. ಈ ಚಾರ್ಜರು ಮಾತ್ರ ಮೊದಲು ಎರ್ತನ್ನು ಪರೀಕ್ಷಿಸಿ, ಫೇಲಾದರೆ ಒಂದು ಹನಿ ಕರೆಂಟನ್ನೂ ಒಳಗೆ ಬಿಡುವುದಿಲ್ಲವಂತೆ. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ನಾನೇ ಓಡಿಹೋಗಿ ಎಲೆಕ್ಟ್ರಿಷಿಯನ್ನನ್ನು ಕರೆತಂದೆ.

ಅವನು ಎಕ್ಸೆಲ್ ಮೊಪೆಡ್ಡಿನಲ್ಲಿ ಬಂದು, ಹೋಲ್ಡರಿಗೆ ಸಿಕ್ಕಿಸಿದ ಬಲ್ಬಿನ ಒಂದು ವೈರನ್ನು ಫೇಸಿಗೂ ಇನ್ನೊಂದನ್ನು ಎರ್ತಿಗೂ ಕೊಟ್ಟ. ಬಲ್ಬು ಉರಿದೂ ಉರಿಯದಷ್ಟು ಮಂಕಾಗಿ ಕೆಂಪಾಯಿತು. “ಎರ್ತು ಇದೆ ಸಾರ್. ಗುಂಡಿ ಒಣಗೋಗಿದೆ. ನೀರು ಕುಡಿಸಬೇಕು. ಗುಂಡಿ ಎಲ್ಲಿ?”

ಗುಂಡಿ ಎಲ್ಲಿದೆಯೆಂದು ಗೊತ್ತಿದ್ದವರು ನಮ್ಮಪ್ಪ ಒಬ್ಬರೇ. ಅವರೀಗ ಇಲ್ಲ. ಮೊಬೈಲ್ ಟಾರ್ಚು ಹಿಡಿದು ಹಿತ್ತಲೆಲ್ಲ ಜಾಲಾಡಿದೆವು. ಬೆಳಕು ಕಂಡು ಹಾವು ಬಂದಿರಬೇಕೆಂದು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರರು ದೊಣ್ಣೆ ಹಿಡಿದು ಬಂದರು. ಅವರ ಹಿಂದೆ ಟೊಮೆಟೊ ವ್ಯಾಪಾರಿ ನಾಯ್ಡು. ನಾಯ್ಡು ಹಿಂದೆ, ಸಣ್ಣ ಕಾರಿನ ಎಂಜಿನ್ ಕಂಪ್ಯೂಟರಿಗೆ ಏನೋ ತುಂಬಿಸಿ ಅದರ ಬಲ ಹೆಚ್ಚಿಸಿಕೊಂಡಿದ್ದೇನೆ ಎನ್ನುವ ಎದುರುಮನೆ ಹುಡುಗ. ಕೊನೆಗೆ ಕರಿಬೇವಿನ ಗಿಡದ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಪೈಪಿನ ಬಾಯಿ ಸಿಕ್ಕಿತು.

ಇಸ್ತ್ರಿ ಅಂಗಡಿಯಿಂದ ಇದ್ದಿಲು, ಸೆಟ್ಟರಂಗಡಿಯಿಂದ ಕಲ್ಲುಪ್ಪು. ಎರಡನ್ನೂ ಸುತ್ತ ತುಂಬಿ ನೀರು ಹೊಯ್ಯುವ ಕೆಲಸ ಶುರುವಾಯಿತು. ಒಬ್ಬರು ಬಕೆಟ್ಟು ಸುರಿಯುವುದು, ಅಡುಗೆಮನೆಯ ಕಿಟಕಿಯಲ್ಲಿ ನಿಂತ ಬಾಮೈದನ ಮಗ “ಕೆಂಪೇ!” ಎಂದು ಕೂಗುವುದು. ಮತ್ತೊಂದು ಬಕೆಟ್ಟು. “ಕೆಂಪೇ!” ಒಂದೊಂದು ಬಕೆಟ್ಟಿಗೂ ಒಂದೊಂದು ಅಭಿಪ್ರಾಯ. ಹೆಡ್‌ಮಾಸ್ಟರರು, “ಅಂಬಾಸಡರ್ ಆಗಿದ್ದರೆ ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು” ಎಂದರು. ನಾಯ್ಡು ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸಿ ತಮಿಳಿನಲ್ಲಿ ನಕ್ಕರು. ಅವರು ಹೇಳಿದ್ದರ ಸಾರ: ಅಂಚೆಟ್ಟಿ ಕಾಡಿನಲ್ಲಿ ಆನೆ ಅಡ್ಡ ಬಂದರೆ ಡೀಸೆಲ್ ಪಿಕಪ್ಪಿನ ಸದ್ದಿಗೆ ಅದು ಮೊದಲೇ ಸರಿಯುತ್ತದೆ. ಸದ್ದಿಲ್ಲದ ಕಾರು ಪಕ್ಕಕ್ಕೆ ಹೋದ ಮೇಲೆ ಗೊತ್ತಾದರೆ ಆನೆಗೆ ಅವಮಾನವಾಗುತ್ತದೆ, ಆಮೇಲೆ ಆಗುವುದು ಕಾರಿನವನಿಗೆ. ಹುಡುಗ, “ಎಲೆಕ್ಟ್ರಿಕ್ಕಲ್ಲಿ ಸೌಂಡ್ ಇಲ್ಲ ಅಂಕಲ್, ಫೀಲ್ ಇಲ್ಲ” ಎಂದ. ಅವನ ಕಾರಿನ ಫೀಲು ಬೆಳಗಿನ ಜಾವ ನಮ್ಮ ಕಿಟಕಿ ಗಾಜಿಗೂ ತಿಳಿಯುತ್ತದೆ.

ಬಾಮೈದ ಬಕೆಟ್ಟು ಕೆಳಗಿಟ್ಟ. ದೀಕ್ಷೆ ಕೆರಳಿತ್ತು. “ಗಂಟೆಗೆ 100 ಕಿಲೋಮೀಟರ್ ದಾಟಿದ ಜಗತ್ತಿನ ಮೊದಲನೇ ಕಾರು ಯಾವುದು ಗೊತ್ತಾ? ಎಲೆಕ್ಟ್ರಿಕ್! 1899ರಲ್ಲಿ, ಕಮಿಲ್ ಜೆನಾಟ್ಸಿ ಅನ್ನೋ ಬೆಲ್ಜಿಯಂನವನು ಫ್ರಾನ್ಸಿನಲ್ಲಿ ಓಡಿಸಿದ್ದು. ಅಷ್ಟು ದೂರ ಯಾಕೆ, 2001ರಲ್ಲಿ ಇಲ್ಲೇ ಬೊಮ್ಮಸಂದ್ರದಲ್ಲಿ ಚೇತನ್ ಮೈನಿ ರೇವಾ ಮಾಡಿ ಲಂಡನ್ನಿಗೆ ಕಳಿಸಲಿಲ್ವಾ? ನೀವೆಲ್ಲ ಅದನ್ನು ಆಟದ ಸಾಮಾನು ಅಂದಿರಿ.” ಲಂಡನ್ನು ಬೆಂಗಳೂರಿಗಿಂತ ನಿಧಾನವಾದದ್ದು ಹೇಗೆಂದು ಈಗ ತಿಳಿಯಿತು ಎಂದೆ ನಾನು. ಯಾರೂ ನಗಲಿಲ್ಲ. ಕಿಟಕಿಯಿಂದ ಮತ್ತೆ, “ಕೆಂಪೇ!”

ಇಷ್ಟರಲ್ಲಿ ಅಮ್ಮ ಪೈಪಿನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ ಕನಕಾಂಬರ ಏರಿಸಿದ್ದರು. ಓಣಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಗೇಟಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಯಾವ ದೇವರೆಂದು ಕೇಳದೆ ಕೈಮುಗಿದು, ತಾವೂ ಒಂದು ಚೊಂಬು ಸುರಿದರು. ಆ ಚೊಂಬಿಗೆ ಹಸಿರು ಬಂತು. ಎಲೆಕ್ಟ್ರಿಷಿಯನ್ ತನ್ನ ಇದ್ದಿಲಿನಿಂದ ಎಂದ, ಅಮ್ಮ ತಮ್ಮ ಕುಂಕುಮದಿಂದ ಎಂದರು, ನಾಯ್ಡು ಅಜ್ಜಿಯ ಕೈಗುಣ ಎಂದರು. ಬಾಮೈದ ಗಂಟೆಗೆ ಮೂರು ಯೂನಿಟ್ಟಿನ ಲೆಕ್ಕ ಹೇಳಿದ. ನನ್ನ ಹೆಂಡತಿ ಇನ್ನೊಂದು ಲೆಕ್ಕ ಹಾಕಿದಳು. ನಮ್ಮಲ್ಲಿ ಆಗ ಎರಡು ತಿಂಗಳಿಗೊಮ್ಮೆ ಮೀಟರ್ ಓದುತ್ತಿದ್ದರು, ಮೊದಲ 100 ಯೂನಿಟ್ ಪುಕ್ಕಟೆಯಿತ್ತು. ಅದರಲ್ಲಿ ಕಾಲುಭಾಗಕ್ಕೂ ಹೆಚ್ಚನ್ನು ತಮ್ಮನ ಕಾರು ಒಂದೇ ರಾತ್ರಿಯಲ್ಲಿ ಕುಡಿಯಲಿತ್ತು. ಅವಳು ಏನೂ ಹೇಳಲಿಲ್ಲ, ತಮ್ಮನಲ್ಲವೇ. ಎಲ್ಲರೂ ಕಾಫಿಗೆ ಕೂತರು. ಕರೆಂಟು ಹೋಯಿತು.

ನಾನು ನಗಲಿಲ್ಲ. ನಕ್ಕಿದ್ದರೂ ಆ ಕತ್ತಲಲ್ಲಿ ಯಾರಿಗೂ ಕಂಡಿಲ್ಲ.

ಹೋದ ಕರೆಂಟು ರಾತ್ರಿಯೇ ಬಂತು. ಬೆಳಗ್ಗೆ ಐದಕ್ಕೆ ಎರಡೂ ಕಾರು ಹೊರಟವು, ಅವನದು ಮುಂದೆ, ನನ್ನದು ಹಿಂದೆ. ಕೆಲಮಂಗಲದ ದಾರಿಯಲ್ಲಿ ಒಂದು ಹಳ್ಳಿಯ ಕೈಕಂಬದ ಹತ್ತಿರ ಕಂಪನಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಗುಂಪಾಗಿ ನಿಂತಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬುತ್ತಿ. ಒಬ್ಬಳು ರಸ್ತೆಗೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಾ ಒಂದು ಹೆಜ್ಜೆ ಹಿಂದಿಟ್ಟಳು. ಬಾಮೈದನ ಕಾರಿನ ಸದ್ದು ಅವಳಿಗೆ ಕೇಳಿರಲಿಲ್ಲ. ಪಕ್ಕದವಳು ಜಡೆ ಹಿಡಿದು ಎಳೆಯದಿದ್ದರೆ ನಾನು ಇದನ್ನು ಲಲಿತ ಪ್ರಬಂಧವಾಗಿ ಬರೆಯುತ್ತಿರಲಿಲ್ಲ. ಅವನು ಕಾರು ನಿಲ್ಲಿಸಿ ಇಳಿದ. ಅವಳು ಬೈಯಲೂ ಇಲ್ಲ, ನಡುಗುತ್ತಾ ಬುತ್ತಿಯ ಮುಚ್ಚಳ ಸರಿಮಾಡಿಕೊಂಡಳು. ಹೊಸೂರಿನಲ್ಲಿ ಏಥರ್, ಟಿವಿಎಸ್, ಪೋಚಂಪಳ್ಳಿಯಲ್ಲಿ ಓಲಾ ಎಂದು ಎಷ್ಟೋ ವಿದ್ಯುತ್ ಸ್ಕೂಟರುಗಳು ಜೋಡಣೆಯಾಗುವುದು ನಮ್ಮ ಜಿಲ್ಲೆಯಲ್ಲೇ. ಓಲಾದವರು ಫ್ಯಾಕ್ಟರಿಯನ್ನು ಪೂರ್ತಿ ಹೆಂಗಸರಿಂದಲೇ ನಡೆಸುತ್ತೇವೆಂದು 2021ರಲ್ಲಿ ಸಾರಿದ್ದರು. ಈ ಹುಡುಗಿಯರು ಹೋಗುವುದು ಯಾವ ಕಂಪನಿಗೋ ನಾನು ಕೇಳಲಿಲ್ಲ. ಹಿಂದಿನ ರಾತ್ರಿ ಬಕೆಟ್ಟು ಹಿಡಿದು ಅಷ್ಟೊಂದು ಅಭಿಪ್ರಾಯ ಸುರಿದವರಲ್ಲಿ ಯಾರೂ ರಸ್ತೆಯ ಬದಿಯಲ್ಲಿ ನಿಂತವರ ಮಾತು ಎತ್ತಿರಲಿಲ್ಲ. ನಾಯ್ಡು ಎತ್ತಿದ್ದರು, ಆದರೆ ಆನೆಯ ಪರವಾಗಿ. ಆ ಹುಡುಗಿಯರ ಡೀಸೆಲ್ ಬಸ್ಸು ಹೊಗೆ ಉಗುಳುತ್ತಾ ಬಂತು. ಮತ್ತಿಗಿರಿಯವರೆಗೂ ಬಾಮೈದ 30 ದಾಟಲಿಲ್ಲ, ನಾನೂ ಹಾರನ್ ಮಾಡಲಿಲ್ಲ.

ಬೊಮ್ಮಸಂದ್ರದಲ್ಲಿ ಹೆಂಗಸರು ಮಕ್ಕಳು ಇಳಿದುಬಿಟ್ಟರು. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೊ ಅಲ್ಲಿಂದ ಹತ್ತಿದರೆ ಜಯನಗರದ ಆರ್.ವಿ. ರೋಡಿಗೇ ಇಳಿಸುತ್ತದೆ. ಉಳಿದವರು ನಾವಿಬ್ಬರು, ಒಬ್ಬೊಬ್ಬರಿಗೆ ಒಂದೊಂದು ಕಾರು. ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆ ಏರಿದೊಡನೆ ನನ್ನ ಕುದುರೆಗಳಿಗೆ ಮೊದಲ ಸಲ ಬಯಲು ಕಂಡಿತು. ಪೆಡಲು ಒತ್ತಿದೆ. ಟರ್ಬೊ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವನು ಮುಂದೆ ಹೋಗಿ ಆಗಿತ್ತು. ವಿದ್ಯುತ್ ಮೋಟರಿಗೆ ಉಸಿರು ಎಳೆದುಕೊಳ್ಳುವ ಅಭ್ಯಾಸವಿಲ್ಲ, ನಿಂತಲ್ಲಿಂದಲೇ ಪೂರ್ತಿ ಸೆಳೆತ. ಸಿಕ್ಕ ಬಯಲು ಸಿಲ್ಕ್ ಬೋರ್ಡಿನ ಹತ್ತಿರ ಮುಗಿಯಿತು. ಅಲ್ಲಿ ಇಬ್ಬರೂ ಅಕ್ಕಪಕ್ಕ ನಿಂತೆವು. ಅವನು ಒಂದೇ ಪೆಡಲಿನಲ್ಲಿ ಕಾಲಾಡಿಸುತ್ತಾ ತಣ್ಣಗೆ ಹಾಡು ಕೇಳುತ್ತಿದ್ದ. ನನ್ನ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಎಂಬ ಸೂಚನೆ ಬಂತು. ನಿಂತೇ ಇದ್ದೆನಲ್ಲ! ಕಿಟಕಿ ಇಳಿಸಿ ಕೇಳಿದ, “ಭಾವ, ಕುದುರೆಗಳು ಹೇಗಿವೆ?”

“ಬೆವರುತ್ತಿವೆ” ಎಂದೆ.

ನಾವು ಮಂಟಪ ಸೇರುವ ಹೊತ್ತಿಗೆ ಮುಹೂರ್ತ ಮುಗಿದು ಹೆಂಗಸರು ಮೊದಲ ಪಂಕ್ತಿಯಲ್ಲಿ ಉಂಡು ತಾಂಬೂಲ ಹಿಡಿದಿದ್ದರು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸೆಕ್ಯೂರಿಟಿಯವನು ಅವನ ಕಾರನ್ನು, ಬ್ಯಾಟರಿ ಗಾಡಿಗೆ ಬೆಂಕಿ ಬೀಳುತ್ತದೆಂದು ತಡೆದ. ನನ್ನದನ್ನು ಮರ್ಯಾದೆಯಿಂದ ಒಳಗೆ ಬಿಟ್ಟ. ಇಳಿಜಾರಿನಲ್ಲಿ ಅದರ ಮೂತಿ ಕರಕರ ಉಜ್ಜಿದ ಸದ್ದಿಗೆ ಅಡುಗೆಯವರು ಹೊರಗೆ ಬಂದು ನೋಡಿದರು.

ವಾರವೋ ಹದಿನೈದು ದಿನವೋ ಬಿಟ್ಟು ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆಸಿದೆ. ಹೊಸದಾಗಿ ಎರ್ತಿಂಗ್ ಮಾಡಿಸಿದರೆ ಎಷ್ಟಾಗುತ್ತೆ, ತಾಮ್ರದ ಪ್ಲೇಟು ಒಳ್ಳೆಯದೋ ಜಿ.ಐ. ಪೈಪೋ, ಕಾರು ನಿಲ್ಲಿಸುವ ಜಾಗಕ್ಕೇ ಒಂದು ಬೇರೆ ಲೈನು ಎಳೆಯಲು ಆಗುತ್ತದೋ ಎಂದು ವಿಚಾರಿಸಿದೆ. ಫ್ರಿಜ್ಜಿಗೆ, ಎಂದೂ ಸೇರಿಸಿದೆ.

ಅವನು ಕಾರು ನಿಲ್ಲಿಸುವ ಜಾಗವನ್ನು ನೋಡಿದ, ನನ್ನನ್ನು ನೋಡಿದ. “ಫ್ರಿಜ್ಜನ್ನ ಇಲ್ಲೇ ಇಡ್ತೀರಾ ಸಾರ್?”

“ಹೂಂ” ಎಂದೆ. ಸಂಜೆಯೊಳಗೆ ಆ ಫ್ರಿಜ್ಜು ಎಷ್ಟು ಕೊಡುತ್ತೆ ಎಂದು ಹೆಡ್‌ಮಾಸ್ಟರರು ಕಾಂಪೌಂಡಿನ ಆಚೆಯಿಂದ ಕೇಳಿದರು.