ಶಾಸಕರ ಫೋಟೊ ಮಾತ್ರ ಸ್ಟಾಕ್ ಇದೆ

ಸನ್ಮಾನ್ಯ ಶಾಸಕರಿಗೆ ತಮ್ಮ ಕ್ಷೇತ್ರದ ಮತದಾರನ ಸಾಷ್ಟಾಂಗ ನಮಸ್ಕಾರ.

ಸಾಷ್ಟಾಂಗ ಅಂದದ್ದು ಬಾಯಿಮಾತಿಗಲ್ಲ. ರಾತ್ರಿಯಿಡೀ ತಾಲ್ಲೂಕು ಆಸ್ಪತ್ರೆಯ ವರಾಂಡದಲ್ಲಿ ನೆಲದ ಮೇಲೇ ಬಿದ್ದುಕೊಂಡಿದ್ದೆ. ಅಕ್ಕನ ಮಗಳಿಗೆ ಸಿಸೇರಿಯನ್. ಕಣ್ಣೆತ್ತಿದರೆ ಗೋಡೆಯ ಮೇಲೆ ತಾವು, ಕೈಮುಗಿದುಕೊಂಡು: ‘ಅಧ್ಯಕ್ಷರು, ಆರೋಗ್ಯ ರಕ್ಷಾ ಸಮಿತಿ’.

ಮಾತ್ರೆ ಸ್ಟಾಕಿಲ್ಲ, ಗ್ಲೌಸ್ ಸ್ಟಾಕಿಲ್ಲ, ಹತ್ತಿಯೂ ಸ್ಟಾಕಿಲ್ಲ. ಒಂದೊಂದಕ್ಕೂ ಚೀಟಿ ಬರೆದು ಎದುರಿನ ಮೆಡಿಕಲ್ ಶಾಪಿಗೆ ಅಟ್ಟಿದರು. ತಮ್ಮ ಫೋಟೊ ಮಾತ್ರ ಭರ್ತಿ ಸ್ಟಾಕಿದೆ, ಶೌಚಾಲಯದ ದಾರಿಯಲ್ಲೂ ಒಂದು. ಮಗು ತೋರಿಸಲು ಆಯಾ ಕೈಯೊಡ್ಡಿದಳು, ಗಂಡಿಗೊಂದು ರೇಟು, ಹೆಣ್ಣಿಗೊಂದು ರೇಟು. ಕೊಟ್ಟೆ. ಇದೆಲ್ಲ ನಮಗೆ ರೂಢಿ, ಬಿಡಿ.

ಬೆಳಗಿನ ಜಾವ ಸಿಸ್ಟರ್ ಒಂದು ಬಾಟಲಿ ತಂದು ಸ್ಟ್ಯಾಂಡಿಗೆ ನೇತುಹಾಕಿದರು. ಅಬ್ಬಾ, ಇದೊಂದಾದರೂ ಸ್ಟಾಕಿದೆಯಲ್ಲ ಎಂದು ಹತ್ತಿರ ಹೋಗಿ ಓದಿದೆ. ರಿಂಗರ್ ಲ್ಯಾಕ್ಟೇಟ್. ಕೈಕಾಲು ತಣ್ಣಗಾದವು. ಮದ್ದು ಒಳ್ಳೆಯದೇ, ದಿನಾ ಸಾವಿರಾರು ಜನಕ್ಕೆ ಹಾಕುತ್ತಾರೆ. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಎಲ್ಲರ ಅನುಮಾನ ಹೋದದ್ದು ಇದರ ಮೇಲೇ.

“ಸಿಸ್ಟರ್, ಈ ಬ್ಯಾಚು ಟೆಸ್ಟಾಗಿ ಪಾಸಾಗಿದೆಯಾ?”

“ನೀವೇನು ಡಾಕ್ಟ್ರಾ?”

ಪಾಪ, ಅವರಿಗೂ ಗೊತ್ತಿಲ್ಲ. ಡ್ಯೂಟಿ ಡಾಕ್ಟರಿಗೂ ಗೊತ್ತಿಲ್ಲ. ಫಾರ್ಮಸಿಸ್ಟ್ ರಜೆ. ಫೋಟೊದಲ್ಲಿದ್ದ ಅಧ್ಯಕ್ಷರೂ ಬಾಯಿ ಬಿಡಲಿಲ್ಲ.

ಸ್ವಾಮಿ, ಬಳ್ಳಾರಿಯ ಸಾವಿಗಿಂತ ಮೊದಲೇ ಅಲ್ಲಿಗೆ ಈ ಮದ್ದು ಪೂರೈಸಿದ ಕಂಪನಿಯ ಕೆಲವು ಬ್ಯಾಚು ನಮ್ಮ ರಾಜ್ಯದ ಲ್ಯಾಬಿನಲ್ಲಿ ಫೇಲಾಗಿದ್ದವು. ಕೇಂದ್ರದ ಲ್ಯಾಬು ಅವುಗಳಲ್ಲೇ ಕೆಲವನ್ನು ಪಾಸೆಂದಿತು. ತಡೆಹಿಡಿದಿದ್ದ ಮಾಲು ಮತ್ತೆ ಆಸ್ಪತ್ರೆಗಳಿಗೆ ಹೋಯಿತು. ಸಾವಾದ ಮೇಲೆ ಔಷಧ ನಿಯಂತ್ರಕರ ಅಮಾನತು, ತನಿಖೆ, ಬೆಳಗಾವಿ ಅಧಿವೇಶನದಲ್ಲಿ ಗದ್ದಲ. ಎರಡು ಲ್ಯಾಬು ಜಗಳವಾಡಲಿ, ಎರಡು ಸರ್ಕಾರ ಜಗಳವಾಡಲಿ, ನಡುವೆ ಸೂಜಿ ಚುಚ್ಚಿಸಿಕೊಂಡು ಮಲಗಿರುವವಳು ಯಾರ ಮನೆಯ ಹುಡುಗಿ? ತಮಗೆ ನೆಗಡಿಯಾದರೂ ಬೆಂಗಳೂರಿನ ಖಾಸಗಿ ಆಸ್ಪತ್ರೆ, ಬಿಲ್ಲು ಬೊಕ್ಕಸಕ್ಕೆ. ತಾವೊಮ್ಮೆ ಈ ವಾರ್ಡಿನಲ್ಲಿ ತೋಳು ಚಾಚಿ ಮಲಗಿ ನೋಡಿ! ತಮಗೆ ಹಾಕುವ ಬ್ಯಾಚಿನ ಜಾತಕ ಅರ್ಧ ಗಂಟೆಯಲ್ಲಿ ಮೇಜಿಗೆ ಬರುತ್ತದೆ.

ಹೊಸ ಕಟ್ಟಡ ಬೇಡ, ಟೇಪು ಕತ್ತರಿಸುವುದೂ ಬೇಡ. ಮುಂದಿನ ಸಮಿತಿ ಸಭೆಗೆ ಗೋಡಂಬಿ ತಟ್ಟೆಯ ಜೊತೆಗೆ ಔಷಧ ದಾಸ್ತಾನು ಪುಸ್ತಕವನ್ನೂ ತರಿಸಿ. ವಾರ್ಡಿಗೆ ಬಂದ ಬ್ಯಾಚು ಯಾವುದು, ಟೆಸ್ಟ್ ರಿಪೋರ್ಟ್ ಏನು ಎಂದು ಒಂದು ಹಾಳೆ ಬರೆಸಿ ಅಂಟಿಸಿ. ಗೋಡೆಯಲ್ಲಿ ಜಾಗವಿಲ್ಲ, ನಿಜ. ತಮ್ಮದೇ ಒಂದು ಫೋಟೊ ಇಳಿಸಬೇಕಾಗುತ್ತದೆ.

ಸಂಜೆ ಇನ್ನೊಂದು ಬಾಟಲಿ ಹಾಕುತ್ತಾರಂತೆ. ಅಷ್ಟರೊಳಗೆ ಆಸ್ಪತ್ರೆಗೊಂದು ಫೋನ್ ಮಾಡಿ ವಿಚಾರಿಸಿದರೆ ಉಪಕಾರವಾದೀತು.

ಇಂತಿ,
ತಮ್ಮ ಮತದಾರ